ಧಾರೆಯ ಫೋಟೋ

ನಮ್ಮ ಕಡೆ ಮದುವೆಯ ಆಲ್ಬಮ್ ಗಂಡಿನ ಮನೆಗೆ ಹೋಗುತ್ತದೆ. ಖರ್ಚು ಹೆಣ್ಣಿನವರದೇ ಇರಲಿ, ಫೋಟೋದವನನ್ನು ಗೊತ್ತು ಮಾಡಿದವರು ಹೆಣ್ಣಿನವರೇ ಇರಲಿ, ಆ ದಪ್ಪ ರಟ್ಟಿನ ಪುಸ್ತಕ ಹೆಣ್ಣಿನ ಮನೆಯಲ್ಲಿ ಇರುವುದು ಒಂದು ಸಂಜೆ ಮಾತ್ರ. ಅಕ್ಕಪಕ್ಕದವರು ಬಂದು ಹಾಳೆ ಮಗುಚಿ ನೋಡುತ್ತಾರೆ. ಮಾರನೆಯ ದಿನ ಹುಡುಗಿಯ ಜೊತೆ ಅದೂ ಬಸ್ಸು ಹತ್ತುತ್ತದೆ. ಮಗಳನ್ನೇ ಕೊಟ್ಟಾಯಿತು, ಫೋಟೋ ಏನು ಮಹಾ ಎಂದುಕೊಳ್ಳುತ್ತಾರೆ.

ಹರದನಹಳ್ಳಿಯ ಸುಬ್ಬಮ್ಮನೂ ಹಾಗೇ ಅಂದುಕೊಂಡಿದ್ದಳು. ಒಬ್ಬಳೇ ಮಗಳು ಲತಾಳನ್ನು ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ರವೀಂದ್ರನಿಗೆ ಕೊಟ್ಟಳು, ಆಲ್ಬಮನ್ನೂ ಕೊಟ್ಟು ಕಳಿಸಿದಳು. ಲತಾಳಿಗೆ ಒಂದು ಹೆಣ್ಣುಮಗು ಹುಟ್ಟಿತು. ಆ ಮಗು ಇನ್ನೂ ಬೋರಲು ಬೀಳಲು ಕಲಿಯುತ್ತಿದ್ದಾಗ ಅವಳಿಗೆ ಡೆಂಗಿ ಜ್ವರ ಬಂತು, ಹೋದಳು. ವರ್ಷ ತುಂಬುವುದರೊಳಗೆ ರವೀಂದ್ರ ಒಂದು ದೇವಸ್ಥಾನದಲ್ಲಿ, ಕೈಬೆರಳೆಣಿಕೆಯ ಜನರ ಮುಂದೆ, ರೂಪಶ್ರೀ ಎಂಬ ಹುಡುಗಿಯನ್ನು ಮದುವೆಯಾದ. ಎಳೆಗೂಸನ್ನು ನೋಡುವವರು ಬೇಕಲ್ಲ ಎಂದು ಎಲ್ಲರೂ ಅಂದರು. ಸುಬ್ಬಮ್ಮನೂ ಅಂದಳು. ಅದಾದ ಮೇಲೆ ಅವಳ ಗಂಡ ತಿಮ್ಮಪ್ಪನೂ ತೀರಿಕೊಂಡ.

ಪಿತೃಪಕ್ಷದ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಗೋಡೆಗೆ ಫೋಟೋ ಒರಗಿಸಿ, ಹೊಸ ಬಟ್ಟೆ ಮಡಿಸಿಟ್ಟು, ಅವರಿಗೆ ಇಷ್ಟವಿದ್ದದ್ದನ್ನು ಮಾಡಿ ಎಲೆಗೆ ಬಡಿಸುತ್ತೇವೆ. ಕೊಟ್ಟ ಹೆಣ್ಣಿಗೆ ಗಂಡನ ಮನೆಯಲ್ಲೇ ಎಡೆ. ತವರಿನಲ್ಲಿ ಇಡುವ ಪದ್ಧತಿಯಿಲ್ಲ. ಹಾಗಾಗಿ ಸುಬ್ಬಮ್ಮ ವರ್ಷವರ್ಷವೂ ಅಳಿಯನಿಗೆ ಫೋನ್ ಮಾಡಿ, "ಇಟ್ರೇನಪ್ಪ?" ಎಂದು ಕೇಳುವಳು. "ಇಟ್ವಿ ಕಣತ್ತೆ" ಎಂದು ಅವನು ಹೇಳುವನು. ಈ ವರ್ಷ ಆಷಾಢದಲ್ಲಿ ಅರಕಲಗೂಡಿನ ಕಡೆಯ ನೆಂಟರೊಬ್ಬರು ಮಾತಿನ ನಡುವೆ ಹೇಳಿಬಿಟ್ಟರು: ಆ ಮನೆಯಲ್ಲಿ ಲತಾಳ ಫೋಟೋ ಇಡುವುದಿಲ್ಲ, ಎಡೆಯೂ ಇಲ್ಲ. ಫೋಟೋ ಕಂಡರೆ ಮಗು ಯಾರೆಂದು ಕೇಳುತ್ತದಂತೆ.

ಏಳು ವರ್ಷ ಮಗಳು ಹಸಿದಿದ್ದಾಳೆ ಎಂದೇ ಸುಬ್ಬಮ್ಮನಿಗೆ ಅನಿಸಿತು. ಪದ್ಧತಿ ಇರಲಿ ಬಿಡಲಿ, ಈ ಸಲ ತನ್ನ ಮನೆಯಲ್ಲೇ ಇಡುತ್ತೇನೆ ಎಂದು ತೀರ್ಮಾನಿಸಿದಳು. ಎಡೆಗೆ ಮುಖ ಬೇಕು. ಹುಡುಕಿದರೆ ಮನೆಯಲ್ಲಿ ಮಗಳ ಫೋಟೋ ಎಂಬುದೇ ಇಲ್ಲ. ಶಾಲೆಯದೊಂದು ಇದ್ದದ್ದು ಸೋರುವ ಗೋಡೆಗೆ ಅಂಟಿ ಹೋಗಿತ್ತು. ಮದುವೆಯಲ್ಲಿ ನೆಂಟರ ಮೊಬೈಲುಗಳಲ್ಲಿ ತೆಗೆದವು ಆ ಮೊಬೈಲುಗಳ ಜೊತೆಗೇ ಹೋಗಿದ್ದವು. ಉಳಿದದ್ದು ಆಧಾರ್ ಕಾರ್ಡು.

ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಬಂದಳು.

ಅಲ್ಲಿ ಪೇಟೆ ಬೀದಿಯಲ್ಲಿ ಸಿದ್ದರಾಜುವಿನ ಸ್ಟುಡಿಯೋ. ಸಿದ್ದರಾಜು ಮದುವೆ ವಿಡಿಯೋಗಳಿಗೆ ಸುತ್ತುತ್ತಿರುತ್ತಾನೆ. ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ಅವನ ಹೆಂಡತಿ ನೇತ್ರಾವತಿ. ಮೊದಲು ಅವರ ಬಳಿ ಯಾರೋ ಕದ್ದು ಹಾಕಿಕೊಟ್ಟ ದುಬಾರಿ ಸಾಫ್ಟ್‌ವೇರ್ ಇತ್ತು. ಒಂದು ದಿನ ಅದು ಬಾಗಿಲು ಹಾಕಿಕೊಂಡಿತು. ಆಮೇಲೆ ನೇತ್ರಾವತಿ ಪುಕ್ಕಟೆ ಸಿಗುವ ಇನ್ನೊಂದನ್ನು ಇಳಿಸಿಕೊಂಡು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ತಾನೇ ಕಲಿತಳು. ಸುಲಭವಾಗಿ ಬರಲಿಲ್ಲ. ಅಳಿಸಿದ ಕಡೆ ತೂತು ಬೀಳುವ ಬದಲು ಸುಣ್ಣ ಬಳಿದಂತೆ ಬಿಳಿ ಬೀಳುತ್ತಿತ್ತು. ಚಿತ್ರಕ್ಕೆ ಆಲ್ಫಾ ಎಂಬುದೊಂದನ್ನು ಸೇರಿಸಿದರೆ ಮಾತ್ರ ಅಳಿಸಿದ ಜಾಗ ಪಾರದರ್ಶಕವಾಗುತ್ತದೆ ಎಂದು ಗೊತ್ತಾಗಲು ಬಹಳ ದಿನ ಹಿಡಿಯಿತು. ಇನ್ನೊಮ್ಮೆ ಎಷ್ಟು ಎಳೆದರೂ ಕುಂಚದಿಂದ ಬಣ್ಣವೇ ಬೀಳದು. ನೋಡಿದರೆ ಹಿಂದಿನ ದಿನ ಒಂದು ಮೂಲೆಗೆ ಹಾಕಿದ ಗುರುತಿನ ಗೆರೆ ಹಾಗೇ ಉಳಿದಿತ್ತು. ಆ ಗೆರೆಯ ಹೊರಗೆ ಏನು ಮಾಡಿದರೂ ನಡೆಯದು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಸೇವ್ ಮಾಡುವುದು. ಸೇವ್ ಒತ್ತಿದರೆ ಆ ಸಾಫ್ಟ್‌ವೇರ್ ತನ್ನದೇ ಜಾತಿಯ ಫೈಲು ಮಾಡುತ್ತಿತ್ತು. ಅದನ್ನು ಹಾಸನದ ಲ್ಯಾಬಿಗೆ ಪ್ರಿಂಟಿಗೆ ಕಳಿಸಿದರೆ, "ಏನ್ರೀ ಇದು, ತೆಕ್ಕೊಳ್ಳೋದೇ ಇಲ್ಲ, ನಿಮ್ಮ ಪುಕ್ಕಟೆ ಸಾಮಾನೆಲ್ಲ ಇಲ್ಲಿಗೆ ಯಾಕ್ ಕಳಿಸ್ತೀರಿ" ಎಂದು ಬೈಯುತ್ತಿದ್ದರು. ಕೊನೆಗೆ ಅವಳಿಗೆ ಒಂದು ದಾರಿ ಸಿಕ್ಕಿತು. ಓವರ್‌ರೈಟ್ ಎಂದು ಒಂದಿತ್ತು. ಅದನ್ನು ಒತ್ತಿದರೆ ತಂದ ಫೋಟೋದ ಮೇಲೆಯೇ ಹೊಸದನ್ನು ಬರೆದುಬಿಡುತ್ತದೆ, ಲ್ಯಾಬಿನವರು ತಕರಾರಿಲ್ಲದೆ ತೆಗೆದುಕೊಳ್ಳುತ್ತಾರೆ. ಕಂಪ್ಯೂಟರಿನ ತುಂಬ ಗಂಡನ ಮದುವೆ ವಿಡಿಯೋಗಳೇ ಇದ್ದುದರಿಂದ ನಕಲು ಇಡಲು ಜಾಗವೂ ಇರಲಿಲ್ಲ. ಗಿರಾಕಿ ತಂದ ಪೆನ್‌ಡ್ರೈವಿನಲ್ಲೇ ತೆರೆದು, ಅಲ್ಲೇ ಕೆಲಸ ಮಾಡಿ, ಅಲ್ಲೇ ಒತ್ತಿಬಿಡುತ್ತಿದ್ದಳು. ಯಾರೂ ಹಳೆಯದನ್ನು ವಾಪಸು ಕೇಳಿರಲಿಲ್ಲ.

"ಇದ್ರಲ್ಲಿರೋ ಮುಕನ ಗ್ವಾಡೆಗೆ ಒರಗ್ಸಂಗೆ ದೊಡ್ಡದು ಮಾಡ್ಕೊಡವ್ವ," ಎಂದಳು ಸುಬ್ಬಮ್ಮ, ಸೆರಗು ಬಿಚ್ಚುತ್ತ.

"ಯಾರಮ್ಮ ಇವ್ರು?"

"ಮಗ್ಳು. ಇಲ್ಲ ಈಗ."

ನೇತ್ರಾವತಿ ಕಾರ್ಡನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದಳು. ಹುಬ್ಬು ಒಂದು ಮಸಿಗೆರೆಯಾಯಿತು. ಮೂಗು ಇರಬೇಕಾದಲ್ಲಿ ಬೂದು ಬಣ್ಣದ ಚೌಕಗಳು ಬಂದವು. ಚೌಕಗಳನ್ನು ಮೃದು ಮಾಡಿದರೆ ಮುಖ ಕರಗಿತು, ಚೂಪು ಮಾಡಿದರೆ ಸಿಡುಬಿನ ಕಲೆ ಬಿದ್ದಂತಾಯಿತು. ಮೊಬೈಲಿನ ಒಂದು ಆ್ಯಪಿಗೂ ಹಾಕಿ ನೋಡಿದಳು. ಅದು ಹೊಳೆಯುವ ಕೆನ್ನೆಯ, ಸಿನಿಮಾದವಳಂಥ ಇನ್ಯಾರನ್ನೋ ಮಾಡಿಕೊಟ್ಟಿತು.

"ಇದ್ಯಾರವ್ವ?"

"ನಿಮ್ ಮಗಳೇ, ಅಮ್ಮ."

"ಸುಮ್ಕಿರು. ನನ್ ಮಗ್ಳ ನಾನು ಕಾಣ್ನಾ? ಆಗ್ಲೇ ಮಾಡಿದ್ಯಲ್ಲ, ಅದು ನೀರಲ್ಲಿ ಮುಳುಗ್ದೋಳಂಗಿತ್ತು. ಇದು ಯಾವ್ಳೋ ಸೋಪು ಮಾರೋಳು."

ನೇತ್ರಾವತಿಗೆ ನಗು ಬಂತು, ಮುದುಕಿಯ ಮುಖ ನೋಡಿ ನುಂಗಿಕೊಂಡಳು. "ಕಾರ್ಡಲ್ಲಿ ಇಲ್ದಿರೋದ್ನ ಕಂಪ್ಯೂಟ್ರು ಎಲ್ಲಿಂದ ತರುತ್ತಮ್ಮ? ಸರಿಯಾದ ಫೋಟೋ ಒಂದು ತನ್ನಿ. ಮದ್ವೇದಾದ್ರೂ ಆಯ್ತು, ಪಕ್ಕದಲ್ಲಿ ಯಾರಿದ್ರೂ ಪರ್ವಾಗಿಲ್ಲ, ಬಿಡಿಸ್ತೀನಿ. ಇಲ್ನೋಡಿ," ಎಂದು ಗೋಡೆಯ ಮೇಲಿನ ಒಂದು ಫೋಟೋ ತೋರಿಸಿದಳು. "ಈ ತಾತ ಗಿಡ್ಡಯ್ಯ ಅಂತ. ಹೋಗಿ ವರ್ಷಾನುಗಟ್ಟಲೆ ಆಗಿತ್ತು. ಮೊಮ್ಮಗನ ಮದ್ವೇಲಿ ತಂದು ನಿಲ್ಲಿಸಿದೀನಿ. ಗೆರೆ ಕಾಣುತ್ತಾ ಹೇಳಿ?"

ಸುಬ್ಬಮ್ಮ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಗೆರೆ ಕಾಣಲಿಲ್ಲ. ಸತ್ತವನು ಪಂಚೆ ಉಟ್ಟು ಮದುಮಗನ ಪಕ್ಕದಲ್ಲಿ ನಿಂತಿದ್ದ.

"ತತ್ತೀನಿ ಇರವ್ವ," ಎಂದಳು.

ಅರಕಲಗೂಡಿನಲ್ಲಿ ರವೀಂದ್ರ ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸಿದ್ದ. ಬಣ್ಣ ಬಳಿಯುವುದು ನಡೆದಿತ್ತು. ಭಾದ್ರಪದ ಹತ್ತಿರವಿದ್ದುದರಿಂದ ಶ್ರಾವಣ ಕಳೆಯುವುದರೊಳಗೆ ಗೃಹಪ್ರವೇಶ ಮುಗಿಸಬೇಕೆಂದು ಅವಸರ ಮಾಡುತ್ತಿದ್ದ. ಸುಬ್ಬಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಎರಡು ಜಡೆಯ ಮೊಮ್ಮಗು ಎದುರು ಬಂದು ನಿಂತಿತು.

"ಯಾರಮ್ಮ ಇವ್ರು?" ಎಂದು ಒಳಗೆ ಕೂಗಿತು.

"ಊರ ಕಡೆ ಅಜ್ಜಿ ಕಣೋ ಚಿನ್ನ. ಆಟ ಆಡ್ಕೋ ಹೋಗು," ಎಂದಳು ರೂಪಶ್ರೀ ಅಡುಗೆಮನೆಯಿಂದ.

ಮಗು ಹೋಯಿತು. ರೂಪಶ್ರೀ ಕೆಟ್ಟವಳಲ್ಲ. ಮುದುಕಿಗೆ ಕುರ್ಚಿ ಹಾಕಿದಳು, ಕಾಫಿಗೆ ಇಟ್ಟಳು. ಆ ಮಗುವನ್ನು ಎತ್ತಿ ಬೆಳೆಸಿದವಳು ಅವಳೇ. ಅದಕ್ಕೆ ಜ್ವರ ಬಂದರೆ ನಿದ್ದೆಗೆಟ್ಟವಳೂ ಅವಳೇ.

ರವೀಂದ್ರ ಬಂದು ಎದುರು ಕೂತ. ಸುಬ್ಬಮ್ಮ ಎಡೆಯ ಮಾತು ಎತ್ತಲಿಲ್ಲ. ಜಗಳಕ್ಕೆ ಬಂದವಳೆಂದುಕೊಂಡಾನು ಎಂದು ಅಂಜಿ, "ಆಲ್ಬಮ್ ಒಸಿ ಕೊಡಪ್ಪ. ನೋಡ್ಬುಟ್ಟು ಕೊಟ್ಬುಡ್ತೀನಿ," ಎಂದಷ್ಟೇ ಕೇಳಿದಳು.

"ಎಲ್ಲದೆ ಅತ್ತೆ ಆಲ್ಬಮ್ಮು? ಗೆದ್ಲು ತಿಂದ್ಬುಟ್ಟದೆ."

"ಒಂದ್ ಆಳೇನಾರ ಉಳ್ದಿದ್ರೆ ಸಾಕಪ್ಪ. ಚನ್ನರಾಯಪಟ್ಟಣದೋನು ತೆಗ್ದಿದ್ನಲ್ಲ, ಅವನ್ತಾವೇನಾರ..."

"ಅವ್ನು ಸ್ಟುಡಿಯೋ ಮುಚ್ಚಿ ಯಾವ್ ಕಾಲಾತು!"

"ಎಂಗಿದ್ರೂ ಪರ್ವಾಗಿಲ್ಲ ಕಣಪ್ಪ. ಒಳೆನರಸೀಪುರದಲ್ಲಿ ಸಿದ್ದರಾಜು ಅಂಗ್ಡೀಲಿ ಅವ್ನೆಂಡ್ತಿ ಅವ್ಳೆ, ಏನ್ ಕೈ ಅಂತೀಯ! ಸತ್ತೋರ್ನ ತಂದು ಬದ್ಕಿರೋರ ಪಕ್ಕ ನಿಲ್ಲುಸ್ತಾಳೆ. ಯಾರ್ ಮುಕ ಯಾರ್ ಪಕ್ಕ ಬೇಕಾರೂ ಕೂರುಸ್ತಾಳೆ. ಗೆರೆನೂ ಕಾಣಾಕಿಲ್ಲ."

ಕಾಫಿ ಲೋಟ ಹಿಡಿದು ಬಂದ ರೂಪಶ್ರೀ ಅಲ್ಲೇ ನಿಂತಳು. "ಹೌದಾಮ್ಮ? ಯಾವ ಅಂಗಡಿ ಅಂದ್ರಿ?"

ಸುಬ್ಬಮ್ಮ ಖುಷಿಯಿಂದ ಗುರುತು ಹೇಳಿದಳು. ಪೇಟೆ ಬೀದಿ, ಪಾತ್ರೆ ಅಂಗಡಿ ಎದುರು, ಮೆಟ್ಟಿಲು ಹತ್ತಬೇಕು. ರವೀಂದ್ರ, "ಹುಡುಕಿ ನೋಡ್ತೀನಿ ಅತ್ತೆ, ಸಿಕ್ರೆ ನಾನೇ ಫೋನ್ ಮಾಡ್ತೀನಿ," ಎಂದ. ಸುಬ್ಬಮ್ಮ ಕಾಫಿ ಕುಡಿದು ಸಮಾಧಾನದಿಂದ ಬಸ್ಸು ಹತ್ತಿದಳು.

ಅದಾಗಿ ಎರಡು ದಿನಕ್ಕೆ ರವೀಂದ್ರ, ರೂಪಶ್ರೀ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ರವೀಂದ್ರನ ಕೈಯಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಒಂದೇ ಒಂದು ಫೋಟೋ. ಧಾರೆಯದು.

ದೊಡ್ಡ ಚಪ್ಪರ. ಗಂಡಿನ ಬೊಗಸೆಯ ಮೇಲೆ ಹೆಣ್ಣಿನ ಬೊಗಸೆ, ಅದರಲ್ಲಿ ತೆಂಗಿನಕಾಯಿ. ಪಕ್ಕದಲ್ಲಿ ಹೆಣ್ಣಿನ ಅಪ್ಪ. ಹೆಣ್ಣಿನ ಅವ್ವ ಬೆಳ್ಳಿ ಗಿಂಡಿಯಿಂದ ಹಾಲು ಎರೆಯುತ್ತಿದ್ದಾಳೆ.

"ಹೊಸ ಮನೆ ಗೋಡೆಗೆ ಹಾಕೋಕೆ ಮೇಡಂ," ಎಂದ ರವೀಂದ್ರ. "ನಂದು ಸರ್ಯಾಗದೆ. ಎಣ್ಣಿನ್ ಮುಖ ಒಂದು ಬದ್ಲಾಯಿಸ್ಬೇಕು. ಇವ್ರುದ್ದು ಕೂರಿಸ್ಬೇಕು."

"ಇವ್ರು ಯಾರು, ಇದ್ರಲ್ಲಿರೋರು?"

"ಮೊದಲ್ನೆಯೋಳು. ಓದ್ಲು."

ಬಿಟ್ಟು ಹೋದಳೋ, ಸತ್ತು ಹೋದಳೋ, ನೇತ್ರಾವತಿ ಕೇಳಲಿಲ್ಲ. ಇಂಥ ಕೆಲಸ ಅವಳಿಗೆ ಹೊಸದೇನೂ ಅಲ್ಲ. ಪಾಲಾದ ಮೇಲೆ ಅಣ್ಣನನ್ನು ತೆಗೆಯಿರಿ ಎಂದು ಬರುವವರು, ಮಾತು ಬಿಟ್ಟ ಬೀಗರನ್ನು ಅಳಿಸಿ ಎಂದು ಬರುವವರು ತಿಂಗಳಿಗೆ ಒಬ್ಬರಾದರೂ ಇರುತ್ತಾರೆ.

ರೂಪಶ್ರೀ ತಗ್ಗಿದ ದನಿಯಲ್ಲಿ ಹೇಳಿದಳು: "ನಮ್ದು ದೇವಸ್ಥಾನದಲ್ಲಿ ಆಗಿದ್ದು ಅಕ್ಕ. ಹಾರ ಹಾಕ್ಕೊಂಡಿರೋದು ಬಿಟ್ರೆ ಒಂದು ಫೋಟೋ ಇಲ್ಲ. ಮಗು ಸ್ಕೂಲಲ್ಲಿ ಎಲ್ರ ಮನೇಲೂ ಅಪ್ಪ ಅಮ್ಮನ ಮದ್ವೆ ಫೋಟೋ ಅದೆ, ನಮ್ಮನೇಲಿ ಯಾಕಿಲ್ಲ ಅಂತ ಅಳ್ತದೆ. ಮಗೂಗೆ ನಾನೇ ಅಮ್ಮ. ಸುಮ್ನೆ ಯಾಕೆ ಬೇರೆ ಕತೆ."

"ಇವ್ರಿಬ್ರು?" ನೇತ್ರಾವತಿ ಹೆಣ್ಣಿನ ಅಪ್ಪ ಅವ್ವನ ಮೇಲೆ ಬಾಣದ ಗುರುತು ಆಡಿಸಿದಳು.

"ಅವ್ರುನ್ನೂ ತೆಗೀರಿ," ಎಂದ ರವೀಂದ್ರ. "ಇವ್ರಪ್ಪ ಅಮ್ಮನ ಫೋಟೋ ಮೊಬೈಲಲ್ಲದೆ, ಕಳುಸ್ತೀನಿ."

ನೇತ್ರಾವತಿ ರೂಪಶ್ರೀಯನ್ನು ಕಿಟಕಿಯ ಬಳಿ ನಿಲ್ಲಿಸಿ, ಚಪ್ಪರದಲ್ಲಿ ಬಿದ್ದಂತೆ ಎಡಗಡೆಯಿಂದ ಬೆಳಕು ಬೀಳಿಸಿ, ತಲೆ ತಗ್ಗಿಸಲು ಹೇಳಿ ಫೋಟೋ ತೆಗೆದಳು.

ಮೂರು ಮುಖ, ಮೂರು ಲೇಯರ್. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟಂತೆ. ಮೊದಲು ರೂಪಶ್ರೀಯ ಮುಖವನ್ನು ಕತ್ತರಿಸಿ ಮದುಮಗಳ ಮುಖದ ಮೇಲೆ ಇಟ್ಟಳು. ಬಾಸಿಂಗದ ದಾರ, ಮಲ್ಲಿಗೆ ದಂಡೆ, ಓಲೆ ಎಲ್ಲ ಹಳೆಯವೇ ಇರಲಿ ಎಂದು ಅವುಗಳ ಅಂಚಿಗೆ ಬರುವಲ್ಲಿ ಮೆತ್ತಗಿನ ರಬ್ಬರಿನಿಂದ ಹೊಸ ಮುಖವನ್ನು ಸವೆಸಿದಳು. ಕತ್ತು ಅರಿಸಿನದ ಬಣ್ಣ, ಮುಖ ಬೆಳ್ಳಗೆ. ಮುಖಕ್ಕೂ ಹಳದಿ ಏರಿಸಿದಳು. ಗದ್ದದ ಕೆಳಗೆ ನೆರಳು ಸಾಲದು ಎಂದು ಬೇರೆ ಲೇಯರಿನಲ್ಲಿ ತೆಳ್ಳಗೆ ಕಪ್ಪು ಊದಿದಳು. ಹಳೆಯ ಕ್ಯಾಮರಾದ ಫೋಟೋದಲ್ಲಿ ರವೆ ಚೆಲ್ಲಿದಂಥ ಸಣ್ಣ ಚುಕ್ಕೆಗಳಿದ್ದವು, ಹೊಸ ಮುಖ ಗಾಜಿನಂತೆ ನುಣುಪು. ಅದಕ್ಕೂ ರವೆ ಉದುರಿಸಿದಳು. ಆಗ ಕೂತಿತು.

ಕೆಲಸ ಮಾಡುವಾಗ ಅವಳು ಮುಖ ನೋಡುವುದಿಲ್ಲ. ಅಂಚು ನೋಡುತ್ತಾಳೆ. ಕಿವಿಯ ಹಿಂದೆ ಕೂದಲು ಎಲ್ಲಿ ಮುಗಿಯುತ್ತದೆ, ಕೆನ್ನೆ ಎಲ್ಲಿ ತಿರುಗುತ್ತದೆ, ಇಷ್ಟೇ. ಹೆಣ್ಣಿನ ಅವ್ವನನ್ನು ತೆಗೆಯುವಾಗ ಮಾತ್ರ ಎಲ್ಲೋ ನೋಡಿದ್ದೇನೆ ಅನಿಸಿತು. ತುಂಬು ಕೆನ್ನೆ, ಕಾಸಿನಗಲ ಕುಂಕುಮ, ಮುಡಿ ತುಂಬ ಹೂವು. ಮದುವೆ ಫೋಟೋಗಳಲ್ಲಿ ಮುತ್ತೈದೆಯರೆಲ್ಲ ಒಂದೇ ಥರ ಕಾಣುತ್ತಾರೆ ಎಂದುಕೊಂಡು ಮುಂದುವರಿದಳು.

ಮುಗಿದ ಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ದೂರದಿಂದ ನೋಡಿದಳು. ಚೆನ್ನಾಗಿತ್ತು. ಊಟಕ್ಕೆ ಬಂದಿದ್ದ ಸಿದ್ದರಾಜು ಹಿಂದೆ ನಿಂತು, "ಲೇ ನೇತ್ರಾ, ನಾಳೆ ನನ್ನೂ ಎತ್ತಾಕ್ಬುಟ್ಟು ಇನ್ಯಾವನ್ನಾರ ಕೂರ್ಸೀಯ ಕಣೇ," ಎಂದ. "ಕೂರ್ಸೋಂಥ ಮುಖ ಸಿಕ್ಲಿ ಮೊದ್ಲು," ಎಂದಳು. ಕೈ ತಾನಾಗಿ ಹೋಗಿ ಓವರ್‌ರೈಟ್ ಒತ್ತಿತು. ಸಾಫ್ಟ್‌ವೇರ್ ಮುಚ್ಚಿ ಊಟಕ್ಕೆ ಎದ್ದಳು.

ಹಾಸನದಿಂದ ದೊಡ್ಡ ಪ್ರಿಂಟು ಬಂತು. ಕಟ್ಟು ಹಾಕಿಸಿ, ರವೀಂದ್ರ ಬರಲೆಂದು ಬಾಗಿಲಿನ ಎದುರಿನ ಗೋಡೆಗೆ ಒರಗಿಸಿಟ್ಟಿದ್ದಳು. ಅವನಿಗಿಂತ ಮೊದಲು ಸುಬ್ಬಮ್ಮ ಬಂದಳು. ಅಳಿಯನ ಫೋನಿಗೆ ಕಾದು ಕಾದು, ಆ ಆಧಾರ್ ಕಾರ್ಡಿನದನ್ನೇ ಇನ್ನೊಮ್ಮೆ ಮಾಡಿಸಿಕೊಂಡು ಹೋಗೋಣವೆಂದು ಬಂದಿದ್ದಳು.

ಮೆಟ್ಟಿಲು ಹತ್ತಿದವಳು ಫೋಟೋದ ಮುಂದೆ ನಿಂತಳು. ನೇತ್ರಾವತಿ, "ಬನ್ನಿಮ್ಮ, ಸಿಕ್ತಾ ಫೋಟೋ?" ಎಂದಳು. ಸುಬ್ಬಮ್ಮನಿಗೆ ಕೇಳಿಸಲಿಲ್ಲ.

"ಈ ಸೀರೆ ಆಸನದಲ್ಲಿ ತಂದಿದ್ದು," ಎಂದಳು. "ನಾನೇ ಆರಿಸ್ದೆ. ಅವ್ಳು ಅಸ್ರುದು ಬೇಕು ಅಂತಿದ್ಲು, ನಾನೇ ಕೆಂಪು ಇರ್ಲಿ ಅಂದೆ."

ನೇತ್ರಾವತಿ ಎದ್ದು ಬಂದಳು.

ಸುಬ್ಬಮ್ಮ ಗಾಜಿನ ಮೇಲೆ ಬೆರಳಿಟ್ಟಳು. ಗಿಂಡಿ ಹಿಡಿದ ಕೈಯ ಕಿರುಬೆರಳು ಸೊಟ್ಟಗಿತ್ತು. ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಸೊಟ್ಟಗಾದದ್ದು. ಗಾಜಿನ ಮೇಲಿಟ್ಟ ಬೆರಳೂ ಅದೇ ಥರ ಸೊಟ್ಟಗಿತ್ತು.

"ಇದು ನನ್ ಕೈ ಕಣವ್ವ. ಮ್ಯಾಲಿರೋ ತಲೆ ಯಾರ್ದು?"

ಹಣೆ ಬೋಳಾಗಿ, ಕೆನ್ನೆ ಒಳಗೆ ಹೋಗಿ, ತಲೆ ನರೆತು ನಿಂತಿದ್ದವಳನ್ನು ನೇತ್ರಾವತಿ ನೋಡಿದಳು. ಈ ಕೆನ್ನೆಯನ್ನೇ ತಾನು ಅಂಚು ಹಿಡಿದು ಅಳಿಸಿದ್ದು. ಒಂದೊಂದೇ ಮಾತಿನಲ್ಲಿ ಹೇಳಿದಳು. ಅರಕಲಗೂಡಿನವರು ಬಂದದ್ದು, ಕೇಳಿದ್ದು, ತಾನು ಮಾಡಿದ್ದು.

ಸುಬ್ಬಮ್ಮ ಅಳಲಿಲ್ಲ. ಅವಳ ಮುಖದಲ್ಲಿ ಇದ್ದಕ್ಕಿದ್ದಂತೆ ಒಂದು ಆಸೆ ಬಂತು.

"ಅಂಗಾರೆ ಫೋಟೋ ಸಿಕ್ತು ಅನ್ನು! ಮ್ಯಾಲಿರೋದ್ನ ತೆಗ್ದಾಕವ್ವ. ಅಡೀಲಿ ನನ್ ಮಗ್ಳು ಅವ್ಳಲ್ಲ."

"ಅಡೀಲಿ ಇಲ್ಲಮ್ಮ."

"ನೀನೇ ಅಂದ್ಯಲ್ಲ, ಆಳೆ ಮ್ಯಾಲೆ ಆಳೆ ಇಟ್ಟೆ ಅಂತ."

"ಇಟ್ಟಿದ್ದೆ. ಆಮೇಲೆ ಎಲ್ಲ ಸೇರಿಸಿ ಒಂದೇ ಮಾಡಿ ಅದ್ರ ಮೇಲೇ ಬರ್ದುಬಿಟ್ಟೆ. ಈಗ ಇರೋದು ಒಂದೇ ಹಾಳೆ."

ಸುಬ್ಬಮ್ಮ ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ನೇತ್ರಾವತಿ ಆ ಹೊತ್ತಿಗೆ ಪೆನ್‌ಡ್ರೈವ್ ಹಾಕಿ ಹುಡುಕತೊಡಗಿದ್ದಳು. ಹಿಂದಕ್ಕೆ ಹೋ ಎಂಬ ಗುಂಡಿ ಒತ್ತಿದಳು. ಮುಚ್ಚಿ ತೆರೆದ ಮೇಲೆ ಅದಕ್ಕೆ ಹಿಂದಿನದು ನೆನಪಿರುವುದಿಲ್ಲ ಎಂದು ಗೊತ್ತಿದ್ದೂ ಒತ್ತಿದಳು. ಕಳೆದ ಫೈಲು ಹುಡುಕಿಕೊಡುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಇಳಿಸಿದಳು. ಅದು ಗಂಟೆಗಟ್ಟಲೆ ಓಡಿ, ರವೀಂದ್ರ ಯಾವಾಗಲೋ ಅಳಿಸಿದ್ದ ಭಕ್ತಿಗೀತೆಗಳನ್ನೂ ಗೊಬ್ಬರದ ಜಾಹೀರಾತುಗಳನ್ನೂ ಎತ್ತಿ ತಂದಿತು. ಲತಾ ಬರಲಿಲ್ಲ.

ಕೊನೆಗೆ ರವೀಂದ್ರನಿಗೆ ಫೋನ್ ಮಾಡಿದಳು. ಸುಬ್ಬಮ್ಮ ಪಕ್ಕದಲ್ಲೇ ಕೂತಿದ್ದಳು.

"ಸಾ, ಆ ಧಾರೆ ಫೋಟೋದ ಒರಿಜಿನಲ್ ನಿಮ್ಮತ್ರ ಇನ್ನೊಂದು ಇದ್ಯಾ? ಸೀಡಿ ಏನಾದ್ರೂ?"

"ಇಲ್ಲ ಮೇಡಂ. ಹಳೇ ಮನೆ ಕೆಡುವೋವಾಗ ಸೀಡಿ, ಆಲ್ಬಮ್ಮು ಎಲ್ಲ ಒಲೆಗೆ ಹಾಕುದ್ವಿ. ಇದೊಂದು ಲ್ಯಾಪ್‌ಟಾಪಲ್ಲಿತ್ತು, ಅಲ್ಲೂ ತೆಗ್ದಾಕ್ದೆ. ಯಾಕೆ, ಕೆಟ್ಟೋಯ್ತಾ?"

"ಇಲ್ಲ, ಚೆನ್ನಾಗ್ ಬಂದಿದೆ. ನಿಮ್ಮತ್ತೆ ಬಂದಿದಾರೆ ಇಲ್ಲಿ. ಮಗಳ ಮುಖ..."

"ನಿಮ್ಮಂಗ್ಡಿ ಎಸ್ರು ಏಳಿದ್ದೇ ಆಯಮ್ಮ ಮೇಡಂ. ಯಾರ್ ಮುಖ ಎಲ್ಗಾದ್ರೂ ಕೂರುಸ್ತಾರೆ ಅಂತ. ಈಗೇನಂತೆ? ಗೃಹಪ್ರವೇಶಕ್ಕೆ ಬರೋದಾದ್ರೆ ಬರ್ಲಿ, ಮಗು ಮುಂದೆ ಏನೂ ಮಾತಾಡೋದ್ ಬ್ಯಾಡ ಅಂತ ಏಳಿ. ನಾಳೆ ಬಂದು ಫೋಟೋ ತಕ್ಕೊಂಡೋಯ್ತೀನಿ."

ಸುಬ್ಬಮ್ಮನಿಗೆ ಎಲ್ಲವೂ ಕೇಳಿಸಿತ್ತು. ಪಾತ್ರೆ ಅಂಗಡಿಯ ಎದುರು, ಮೆಟ್ಟಿಲು ಹತ್ತಬೇಕು ಎಂದು ಗುರುತು ಹೇಳಿದ್ದು ತಾನೇ.

"ಗೆರೆ ಕಾಣಾಕಿಲ್ಲ ಅಂತ ಏಳ್ದೆ ಕಣವ್ವ ನಾನು," ಎಂದಳು. "ಸುಳ್ಳಾಗ್ನಿಲ್ಲ."

ನೇತ್ರಾವತಿ ಇನ್ನೊಂದು ಮಾಡಿ ನೋಡಿದಳು. ಆಧಾರ್ ಕಾರ್ಡಿನ ಮುಖವನ್ನೇ ಕತ್ತರಿಸಿ, ಆ ಮದುಮಗಳ ಕತ್ತಿನ ಮೇಲೆ ಇಟ್ಟಳು. ಬಣ್ಣ ಏರಿಸಿದಳು, ನೆರಳು ಊದಿದಳು, ರವೆ ಉದುರಿಸಿದಳು. ರೂಪಶ್ರೀಗೆ ಮಾಡಿದ್ದನ್ನೆಲ್ಲ ಮಾಡಿದಳು. ಮುಖ ಕೂರಲಿಲ್ಲ. ಬೇರೆ ಯಾರದೋ ಮುಖವಾಡ ಕಟ್ಟಿದಂತೆ ಕತ್ತಿನ ಮೇಲೆ ಮಸುಕಾಗಿ ತೇಲಿತು.

ಸುಬ್ಬಮ್ಮ ತುಂಬ ಹೊತ್ತು ನೋಡಿದಳು.

"ಬಂದೋಳ ಮುಕ ಎಷ್ಟ್ ಚೆಂದಾಗಿ ಕೂತ್ಕತ್ತು. ನನ್ ಮಗ್ಳ ಮೈಗೆ ನನ್ ಮಗ್ಳ ಮುಕನೇ ಒಂದಾಕಿಲ್ವಲ್ಲವ್ವ."

ನೇತ್ರಾವತಿ ಅದನ್ನು ಅಳಿಸಿದಳು.

"ಮುಕ ಬುಡು," ಎಂದಳು ಸುಬ್ಬಮ್ಮ ಆಮೇಲೆ. "ಕೈ ಅವ್ಳುದ್ದೇ ತಾನೆ? ಅದ್ನ ಮುಟ್ನಿಲ್ವಲ್ಲ ನೀನು?"

"ಇಲ್ಲಮ್ಮ. ಕೈ ಅವ್ರದ್ದೇ."

"ಅಷ್ಟೇ ಕತ್ತರ್ಸಿ ಕೊಡು. ಕೆಳಗಿರೋ ಅವನ್ ಕೈ ತೆಗ್ದಾಕು."

"ಹಿಡ್ಕೊಂಡಿರೋದು ಗಂಡಿನ ಬೊಗ್ಸೆ ಅಮ್ಮ. ಅದ್ನ ತೆಗುದ್ರೆ ಲತಾ ಕೈ ಗಾಳೀಲಿ ನಿಂತಂಗೆ ಕಾಣುತ್ತೆ."

"ಅವತ್ತಿಂದ್ಲೂ ಗಾಳೀಲೇ ನಿಂತಿತ್ತು. ತೆಗಿ."

ನೇತ್ರಾವತಿ ಸೀರೆಯ ಕೆಂಪನ್ನು ಪಕ್ಕದಿಂದ ಎತ್ತಿ ಎತ್ತಿ ಅವನ ಬೆರಳುಗಳ ಮೇಲೆ ತುಂಬಿದಳು. ಹಸಿರು ಬಳೆ, ಮದರಂಗಿ, ಉಗುರಿನ ಬುಡದಲ್ಲಿ ಅರಿಸಿನ. ಕಾಯಿ ಹಿಡಿದ ಎರಡು ಕೈ ಉಳಿದವು. ಅದನ್ನು ಬೇರೆ ಹೆಸರಿನಲ್ಲಿ ಇಟ್ಟು ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ಕೊಟ್ಟಳು. ಕ್ಷಮಿಸಿ ಎನ್ನಬೇಕೆಂದು ಎರಡು ಸಲ ಬಾಯಿ ತೆರೆದಳು. ಸುಬ್ಬಮ್ಮ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಮಾರನೆಯ ದಿನ ರವೀಂದ್ರ, ರೂಪಶ್ರೀ ಬಂದರು. ಕೊಡುವುದಿಲ್ಲ ಎನ್ನಲು ನೇತ್ರಾವತಿಗೆ ಕಾರಣ ಸಿಗಲಿಲ್ಲ. ಹೇಳಿದ ಕೆಲಸ, ಹೇಳಿದ ಹಾಗೆ ಆಗಿತ್ತು. ರೂಪಶ್ರೀ ಫೋಟೋದ ಮುಂದೆ ನಿಂತು ಸೆರಗಿನಿಂದ ಕಣ್ಣೊರಸಿಕೊಂಡಳು. "ನಾನೇ ಇದ್ದಂಗದೆ ಅಕ್ಕ," ಎಂದಳು. ಹೊರಡುವಾಗ ತಿರುಗಿ, "ಕೈ ಒಸಿ ಕಪ್ಪಾಯ್ತೇನೋ ಅಲ್ವಾ?" ಎಂದಳು.

ಗೃಹಪ್ರವೇಶಕ್ಕೆ ಬಂದವರೆಲ್ಲ ಆ ಫೋಟೋ ನೋಡಿದರಂತೆ. ಆಮೇಲೆ ಅರಕಲಗೂಡಿನ ಕಡೆಯಿಂದಲೇ ನೇತ್ರಾವತಿಗೆ ಗಿರಾಕಿಗಳು ಹೆಚ್ಚಾದರು.

ಅಮಾವಾಸ್ಯೆಯ ದಿನ ಸುಬ್ಬಮ್ಮ ಮನೆ ಸಾರಿಸಿ, ತಿಮ್ಮಪ್ಪನ ಫೋಟೋದ ಪಕ್ಕದಲ್ಲಿ ಆ ಎರಡು ಕೈಗಳನ್ನು ಒರಗಿಸಿದಳು. ಹಸಿರು ಸೀರೆ ತಂದು ಮಡಿಸಿಟ್ಟಳು. ಒಬ್ಬಟ್ಟು, ಹುಳಿಯನ್ನ, ಮಗಳಿಗೆ ಪ್ರಾಣವಾಗಿದ್ದ ಅವರೆಕಾಯಿ ಸಾರು ಬಡಿಸಿದಳು. ಅವರೆ ಕಾಲವಲ್ಲ. ಒಣಗಿದ ಕಾಳು ನೆನೆಹಾಕಿ, ಸಿಪ್ಪೆ ಹಿಸುಕಿ ತೆಗೆದಿದ್ದಳು. ಎಡೆಗೆ ಕೈಮುಗಿಯಲು ಬಂದ ಓರಗಿತ್ತಿ ದೊಡ್ಡತಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕೊಟ್ಟ ಎಣ್ಗೆ ಇಲ್ಲಿ ಇಡೋದೇ ಒಂದ್ ಸೋಜಿಗ. ಮುಕ ಇಲ್ದಿರೋ ಕೈಗೆ ಎಡೆ ಇಟ್ಟೋರ್ನ ನಾನಂತೂ ಕಾಣೆ ಕಣೆ ಸುಬ್ಬಿ."

"ಉಣ್ಣೋದು ಕೈಲೇ ಅಲ್ವೇನಕ್ಕ," ಎಂದಳು ಸುಬ್ಬಮ್ಮ.

ಧೂಪ ಹಾಕಿ, ಕೈಮುಗಿದು, ಸತ್ತವರು ಉಣ್ಣಲೆಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಇಬ್ಬರೂ ಹೊರಗೆ ಜಗುಲಿಯ ಮೇಲೆ ಕೂತರು. ಸುಬ್ಬಮ್ಮ ಕಣ್ಣು ಮುಚ್ಚಿ, ಒಳಗೆ ಎಲೆಯ ಮುಂದೆ ಕೂತ ಮಗಳನ್ನು ನೆನೆಸಿಕೊಳ್ಳಲು ನೋಡಿದಳು. ಕೆಂಪು ಸೀರೆ ಬಂತು. ಬಾಸಿಂಗ ಬಂತು, ಮಲ್ಲಿಗೆ ದಂಡೆ ಬಂತು. ತಗ್ಗಿಸಿದ್ದ ತಲೆಯನ್ನು ಮಗಳು ಮೆಲ್ಲಗೆ ಎತ್ತಿದಳು.

ರೂಪಶ್ರೀಯ ಮುಖವಿತ್ತು.